ಉದ್ದನೆಯ ಕ್ಯಾರಿಯರ್

"ಇದೇ ಇರ್ಲಿ ಚಿತ್ತಪ್ಪ. ಆರಡಿ ಸಾಮಾನು ಆರಾಮಾಗಿ ಮಲಗ್ತೈತೆ" ಎಂದ ಹಾಲಸ್ವಾಮಿ.

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹಿಂದಿದ್ದ ಚಿತ್ತಪ್ಪನ ಗ್ಯಾರೇಜಿನಲ್ಲಿ, ಕಾರಿನ ಟಾಪಿಗೆ ಕೂರಿಸುವ ಎರಡು ಕ್ಯಾರಿಯರ್‌ಗಳು ಗೋಡೆಗೆ ಒರಗಿದ್ದವು. ಒಂದು ಪೈಪಿನದು, ಗಿಡ್ಡದು. ಎರಡು ಸೂಟ್‌ಕೇಸು, ಒಂದು ಹಾಸಿಗೆ ಸುರುಳಿ ಹಿಡಿಸುವಷ್ಟು. ಇನ್ನೊಂದು ಕಬ್ಬಿಣದ ಪಟ್ಟಿಯದು, ಕಾರಿನ ಟಾಪಿನಷ್ಟೇ ಉದ್ದ. ಚಿತ್ತಪ್ಪ ಉದ್ದದ್ದನ್ನೆತ್ತಿ ಅಂಬಾಸಿಡರಿನ ಮೇಲಿಟ್ಟು, ಅದರ ಕಾಲುಗಳನ್ನು ಬಾಗಿಲ ಮೇಲಿನ ಅಂಚಿಗೆ ಹೊಂದಿಸತೊಡಗಿದ.

ಹಿಂದಿನ ಸೀಟಿನಲ್ಲಿ ಹಾಲಸ್ವಾಮಿಯ ಹೆಂಡತಿ ನಿರ್ಮಲಮ್ಮ ಕೂತಿದ್ದಳು. ಹಳೆಯದಾದರೂ ಕಾರು ಮನೆಗೆ ಬಂದು ವಾರವಾಗಿರಲಿಲ್ಲ. ಅವಳ ಅಪ್ಪ ಬೆನಕಪ್ಪ ಅವಳ ಹೆಸರಿಗೆ ಬಿಟ್ಟುಹೋಗಿದ್ದ ಗದ್ದೆ ಮಾರಿ ಕೊಂಡ ಕಾರು. ಬಾಡಿಗೆ ಹೊಡೆಯುತ್ತೇನೆಂದು ಗಂಡ ಹೇಳಿದಾಗ ಅವಳೇ ಒಪ್ಪಿ ರುಜು ಹಾಕಿದ್ದಳು. ಈಗ ತಲೆಯ ಮೇಲೆ ಕಬ್ಬಿಣ ಕೆರೆದ ಸದ್ದು ಕೇಳಿ ಕೆಳಗಿಳಿದಳು.

"ಏನ್ ಮಲಗ್ತೈತ್ರಿ ಅದ್ರ ಮೇಲೆ?"

ಅಡಿಕೆ ಚೀಲ, ಬಾಗಿಲ ಚೌಕಟ್ಟು ಎಂದೇನೋ ಹೇಳಿದ ಹಾಲಸ್ವಾಮಿ. ಆಮೇಲೆ ದನಿ ತಗ್ಗಿಸಿ, ದಾವಣಗೆರೆ ಆಸ್ಪತ್ರೆಯಿಂದಲೂ ಒಮ್ಮೊಮ್ಮೆ ಬಾಡಿಗೆ ಸಿಗುತ್ತದೆ, ಅದನ್ನು ಬೇಡ ಅನ್ನಲಿಕ್ಕಾಗುತ್ತದೆಯೇ ಎಂದ.

ಎರಡು ವರ್ಷದ ಹಿಂದೆ ಬೆನಕಪ್ಪ ಸತ್ತದ್ದು ಅದೇ ಆಸ್ಪತ್ರೆಯಲ್ಲಿ. ಹೆಣ ಒಳಗೆ ಬೇಡ ಎಂದು ಟ್ಯಾಕ್ಸಿಯವನು ಹಟ ಹಿಡಿದ. ಹಾಲಸ್ವಾಮಿ ಆಗಲಿ ಎಂದು ತಲೆಯಾಡಿಸಿದ. ಅಪ್ಪನನ್ನು ಚಾಪೆಯಲ್ಲಿ ಸುತ್ತಿ, ಟಾಪಿನ ಮೇಲೆ ಹಗ್ಗ ಬಿಗಿದು ಸೂಳೆಕೆರೆ ಕಡೆಯ ಅವನ ಊರಿಗೆ ತಂದಿದ್ದರು. ನಡುವೆ ಪಂಕ್ಚರಾಗಿ ಬಿಸಿಲಲ್ಲಿ ನಿಂತದ್ದೇ ಬಹಳ ಹೊತ್ತು. ಹಿಂದಿನ ಸೀಟಿನಲ್ಲಿ ಅವಳೊಬ್ಬಳೇ. ಪಕ್ಕದ ಜಾಗ ಖಾಲಿ. ಮುಂದೆ ಗಂಡ ಮತ್ತು ಡ್ರೈವರು ಭತ್ತದ ರೇಟು ಮಾತಾಡುತ್ತಿದ್ದರು. ನಿರ್ಮಲಮ್ಮನ ಮನೆಯವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಊರು ಮುಟ್ಟುವಷ್ಟರಲ್ಲಿ ಅಪ್ಪನ ಮೈ ಸೆಟೆದುಹೋಗಿತ್ತು. ಕಾಲು ಮಡಚಲು ಇಬ್ಬರು ಮಂಡಿಯ ಮೇಲೆ ಭಾರ ಹಾಕಿ ಒತ್ತಿದಾಗ ಬಂದ ಶಬ್ದವನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ನನ್ನ ಪಕ್ಕ ಕೂರ್ಸ್ರಿ ಅಂತ ಅವತ್ತು ಕೈ ಮುಗಿದೆ. ಸುಮ್ನಿರು ಅಂದ್ರಿ. ಅಪ್ಪನ ಮಂಡಿ ಮುರಿದು ಕೂರ್ಸಿದ್ರಲ್ಲ, ಆಗ ನೀವು ಆ ಡ್ರೈವರಿಗೆ ಟೀ ಕುಡ್ಸಾಕೆ ಹೋಗಿದ್ರಿ."

ಹಾಲಸ್ವಾಮಿಯ ಮುಖ ಕೆಂಪಾಯಿತು. "ಎಲ್ರೂ ಹಂಗೇ ತರೋದು. ಡ್ರೈವರ್ ಆಗಲ್ಲ ಅಂದ ಮೇಲೆ ನಾನೇನ್ ಮಾಡ್ಲಿ?"

"ಈಗ ಡ್ರೈವರು ನೀವೇ. ಈಗೇನ್ ಅಂತೀರಿ?"

ಜನ ನೋಡುತ್ತಿದ್ದಾರೆ, ಒಳಗೆ ಕೂತುಕೋ ಎಂದು ಅವನು ಹಲ್ಲು ಕಚ್ಚಿ ಹೇಳಿದ. ನಿರ್ಮಲಮ್ಮ ಕೂರಲಿಲ್ಲ. ಎರಡೂ ಕೈಯಲ್ಲಿ ಕ್ಯಾರಿಯರಿನ ಕಾಲು ಹಿಡಿದು ಎಳೆದಳು. ಇನ್ನೂ ಬೋಲ್ಟ್ ಬಿಗಿಯದ ಕಬ್ಬಿಣ ಟಾಪಿನ ಬಣ್ಣವನ್ನು ಉದ್ದಕ್ಕೂ ಗೀರುತ್ತ ಜಾರಿ ನೆಲಕ್ಕೆ ಬಿತ್ತು. ಹಾಲಸ್ವಾಮಿ ಕೈ ಎತ್ತಿದ. ಅವಳು ಹಿಂದೆ ಸರಿಯಲಿಲ್ಲ, ಅವನಿಂದ ಕಣ್ಣನ್ನೂ ಕೀಳಲಿಲ್ಲ. ಎತ್ತಿದ ಕೈ ತುಸು ಹೊತ್ತು ಅಲ್ಲೇ ಇದ್ದು ಕೆಳಗಿಳಿಯಿತು.

"ಗಿಡ್ಡದ್ದು ಹಾಕು" ಎಂದ ಚಿತ್ತಪ್ಪನಿಗೆ, ಎತ್ತಲೋ ನೋಡುತ್ತ. ಆಮೇಲೆ ಸ್ಪ್ಯಾನರನ್ನು ಅವನ ಕೈಯಿಂದ ಕಿತ್ತುಕೊಂಡು ನಟ್ಟುಗಳನ್ನು ತಾನೇ ಬಿಗಿದ. ಸಾಕು, ಥ್ರೆಡ್ಡು ಕಿತ್ತುಬರುತ್ತದೆ ಎಂದು ಚಿತ್ತಪ್ಪ ಎರಡು ಸಲ ಹೇಳಬೇಕಾಯಿತು.

ಹೊರಡುವಾಗ ಹಾಲಸ್ವಾಮಿ ಮುಂದಿನ ಬಾಗಿಲು ತೆಗೆದು ಹಿಡಿದ. ಅವಳು ಹಿಂದೆಯೇ ಹೋಗಿ ಕೂತಳು.

ಸೇತುವೆಯ ಮೇಲೆ ಎತ್ತಿನ ಗಾಡಿಗಳು ಅಡ್ಡವಾಗಿ ಕಾರು ನಿಂತಿತು. ಕೈಗೆ ಪೆಟ್ಟಾಯಿತೇ ಎಂದು ಅವನು ತಿರುಗದೆಯೇ ಕೇಳಿದ. ನಿರ್ಮಲಮ್ಮ ಗಾಜು ಇಳಿಸಿ, ಕ್ಯಾರಿಯರಿನ ಕಬ್ಬಿಣ ಸಿಗಿದು ರಕ್ತ ಜಿನುಗುತ್ತಿದ್ದ ಅಂಗೈಯನ್ನು ಹೊಳೆಯ ಗಾಳಿಗೆ ಚಾಚಿದಳು.