ಬಿಸಿಗೆ ಹೊಯ್ದ ನೀರು

ಕಬೀರನಿಗೆ ಪಿತ್ತ ನೆತ್ತಿಗೇರಿತ್ತು. ಕಂಪ್ರೆಸರಿನ ತಲೆ ಅಡ್ಡಕ್ಕೆ ಬಿರಿದಿತ್ತು, ಗ್ಯಾಸೆಲ್ಲ ಹಾರಿಹೋಗಿತ್ತು. ಪಕ್ಕದಲ್ಲಿ ಆಪರೇಟರ್ ಬೂಬ ಖಾಲಿ ಬಕೆಟ್ ಹಿಡಿದು ನಿಂತಿದ್ದ.

"ಬೂಬಣ್ಣ, ನಿಮ್ಮ ತಲೆಯಲ್ಲಿ ಎಂತ ಉಂಟು? ಸಗಣಿಯಾ?"

ಬೂಬ ತಲೆ ತಗ್ಗಿಸಿ ಬಕೆಟ್ಟನ್ನು ಕೆಳಗಿಟ್ಟ. ಅದು ಕಬೀರನನ್ನು ಇನ್ನಷ್ಟು ಕೆರಳಿಸಿತು. ತಾನು ಮಣಿಪಾಲಕ್ಕೆ ಹೋಗಿ ಕಂಪ್ರೆಸರಿಗೆ ದಪ್ಪ ಎಣ್ಣೆಯ ಡಬ್ಬ ತರುವಷ್ಟರಲ್ಲಿ, ಕಾದ ಕಬ್ಬಿಣಕ್ಕೆ ಬೂಬ ತಣ್ಣೀರು ಹೊಯ್ದು ಎಲ್ಲ ಮುಗಿದುಹೋಗಿತ್ತು.

ದುಬೈಯಲ್ಲಿ ಏಸಿ ರಿಪೇರಿ ಮಾಡುತ್ತ, ಅದರ ಹಿಂಬದಿಯ ಬಿಸಿಗಾಳಿಗೆ ಮುಖವೊಡ್ಡಿ ನಿಂತಾಗಲೇ ಈ ಹುಚ್ಚು ಅವನ ತಲೆ ಹೊಕ್ಕಿತ್ತು. ಕಾರ್ಕಳದಲ್ಲಿ ಅವನ ಸೋದರಮಾವ ಅಬ್ಬಾಸರ ಗೇರುಬೀಜದ ಕಾರ್ಖಾನೆಯಿತ್ತು. ಬೀಜ ಬೇಯಿಸಿದ ಹಬೆ ಸುಮ್ಮನೆ ಮಾಡಿನಿಂದ ಹೊರಹೋಗುತ್ತಿತ್ತು. ಇತ್ತ ತಿರುಳು ಒಣಗಿಸುವ ಬೋರ್ಮಾ ಎಂಬ ಕೋಣೆಗೆ ಲೋಡುಗಟ್ಟಲೆ ಸೌದೆ ಬೇಕಿತ್ತು, ಅದರ ಹೊಗೆಗೆ ಹೆಂಗಸರ ಕಣ್ಣು ಸದಾ ಕೆಂಪು. ಪೋಲಾಗುವ ಆ ಹಬೆಯ ಬಿಸಿಯನ್ನು ಗ್ಯಾಸಿಗೆ ಹೀರಿಸಿ, ಗ್ಯಾಸನ್ನು ಕಂಪ್ರೆಸರಿನಲ್ಲಿ ಒತ್ತಿ ಇನ್ನೂ ಕಾಯಿಸಿ, ಬೋರ್ಮಾಕ್ಕೆ ಕೊಟ್ಟರೆ? ಹೀಟರು ತಿನ್ನುವ ಕರೆಂಟಿನ ಮೂರನೇ ಒಂದು ಪಾಲು ಸಾಕು. ಹೆಜಮಾಡಿಯಲ್ಲಿ ಮಾವನ ಹಳೆಯ ಐಸ್ ಪ್ಲಾಂಟ್ ಮುಚ್ಚಿದಾಗ ಅಲ್ಲಿನ ಕಂಪ್ರೆಸರ್ ಕಾರ್ಕಳಕ್ಕೆ ಬಂತು, ಅದರ ಹಿಂದೆ ಬೂಬನೂ ಬಂದ. ಐಸಿನ ಕಂಪ್ರೆಸರ್ ಅಷ್ಟು ಬಿಸಿ ತಡೆಯಬೇಕಲ್ಲ! ಗ್ಯಾಸು ಬದಲಾಯಿತು, ವಾಲ್ವು ಬದಲಾಯಿತು, ಕಬೀರನ ನಿದ್ದೆ ಹಾಳಾಯಿತು. ಇದೊಂದು ಗೆದ್ದರೆ ಮತ್ತೆ ದುಬೈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಅವನು ಮನೆಯಲ್ಲಿ ಹೇಳಿಬಿಟ್ಟಿದ್ದ.

ಅಂದು ಬೆಳಿಗ್ಗೆ ಅದು ಗೆದ್ದೂ ಇತ್ತು. ಬೋರ್ಮಾದ ಬಿಸಿ ಅಳೆಯುವ ಮುಳ್ಳು ಎಂಬತ್ತು ಡಿಗ್ರಿ ತೋರಿಸಿತ್ತು. ಬೋರ್ಮಾ ನೋಡಿಕೊಳ್ಳುವ ರೋಸಲಿನ್ ಬಾಯಿ ಮೊದಲ ಟ್ರೇಯ ತಿರುಳನ್ನು ಬೆರಳಲ್ಲಿ ತಿಕ್ಕಿ, "ಮುಟ್ಟಿದರೆ ಸಿಪ್ಪೆ ಬೀಳ್ತದೆ. ಹೊಗೆಯೂ ಇಲ್ಲ ಮಾರಾಯ!" ಎಂದು ನಕ್ಕಿದ್ದರು.

ಈಗ ಒಡೆದ ಕಂಪ್ರೆಸರಿನ ಬಳಿಗೆ ಅಬ್ಬಾಸ್ ಬಂದರು. ಬಂದವರೇ ಬೂಬನ ಮೇಲೆ ಹಾರಿದರು. "ಐಸ್ ಪ್ಲಾಂಟಿನ ಬುದ್ಧಿ ಇಲ್ಲಿ ತೋರಿಸ್ತೀಯಾ? ಬಟ್ಟೆಬರೆ ಕಟ್ಟು, ಹೊರಡು!"

ಕಬೀರನ ಕಣ್ಣು ಮಾವನ ಬಲಗೈ ಮೇಲೆ ಬಿತ್ತು. ಅಂಗೈ ತುಂಬ ಹಲ್ಲುಜ್ಜುವ ಪೇಸ್ಟ್ ಮೆತ್ತಿತ್ತು. ಸುಟ್ಟ ಗಾಯಕ್ಕೆ ಈ ಊರಲ್ಲಿ ಮೊದಲ ಮದ್ದು ಅದೇ.

"ಮಾಮ, ಕೈಗೆ ಎಂತ ಆಯಿತು?"

ಅಬ್ಬಾಸ್ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ರೋಸಲಿನ್ ಬಾಯಿಗೆ ತಡೆಯಲಾಗಲಿಲ್ಲ. "ಮಿಷನ್ ಮುಟ್ಟಿದ್ದು ಅವರೇ. ಕೈ ಸುಟ್ಟ ಕೂಡಲೇ ಬೂಬನಿಗೆ ನೀರು ಹೊಯ್ಯಲಿಕ್ಕೆ ಹೇಳಿದ್ದೂ ಅವರೇ."

ಅಬ್ಬಾಸ್ ಕಬೀರನ ಹೆಗಲು ಹಿಡಿದು ಮೂಲೆಗೆ ಕರೆದೊಯ್ದರು. "ಕೊಯಮತ್ತೂರಿನಿಂದ ಹೊಸ ಕಂಪ್ರೆಸರ್ ತರಿಸ್ತೇನೆ. ನೀನು ಇಲ್ಲೇ ಇರು. ಕೆಲಸದವರೆದುರು ನನ್ನ ಮರ್ಯಾದೆ ತೆಗೆಯಬೇಡ. ಬೂಬ ಹೋಗಲಿ."

ಕಬೀರನಿಗೆ ಬೇಕಾದದ್ದೆಲ್ಲ ಆ ಮಾತಿನಲ್ಲಿತ್ತು. ಅದಕ್ಕೇ ಅವನ ಮೈಯೆಲ್ಲ ಉರಿಯಿತು. ಬೇಕೆಂದೇ ಎಲ್ಲರಿಗೂ ಕೇಳುವಂತೆ ಕೂಗಿದ: "ನೀರು ಹೊಯ್ಯಿಸಿದ್ದು ನೀವು! ತಪ್ಪು ಮಾತ್ರ ಇವರದ್ದಾ? ಥೂ! ನಿಮ್ಮ ಹೊಸ ಕಂಪ್ರೆಸರ್ ನೀವೇ ಇಟ್ಟುಕೊಳ್ಳಿ!"

ಬೀಜ ಸುಲಿಯುವ ಹೆಂಗಸರ ಕೈ ನಿಂತಿತು. ಅಬ್ಬಾಸರ ಮುಖ ಕಪ್ಪಿಟ್ಟಿತು. "ಇಬ್ಬರೂ ಹೊರಡಿ," ಎಂದರು. "ರೋಸಲಿನ್ ಬಾಯಿ, ಬೋರ್ಮಾಕ್ಕೆ ಸೌದೆ ಹಾಕಿ."

ರೋಸಲಿನ್ ಬಾಯಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಸೌದೆಯ ರಾಶಿಯತ್ತ ನಡೆದರು.

ಬಸ್ ನಿಲ್ದಾಣದ ತನಕವೂ ಕಬೀರ್ ಮಾವನಿಗೆ ಶಾಪ ಹಾಕುತ್ತಲೇ ಇದ್ದ. ಕಾಪು ಕಡೆಯ ಬಸ್ಸು ಇನ್ನೂ ಬಂದಿರಲಿಲ್ಲ. ಬೂಬ ಗಂಟನ್ನು ಕಾಲ ಬಳಿ ಇಟ್ಟು ಕೇಳಿದ:

"ಸಾಹುಕಾರ್ರು ಹೇಳದಿದ್ದರೂ ನಾನು ನೀರು ಹೊಯ್ಯುತ್ತಿದ್ದೆ, ಕಬೀರ್. ಐಸ್ ಪ್ಲಾಂಟಿನಲ್ಲಿ ಬಿಸಿಯಾದರೆ ಅದಕ್ಕೆ ಕಾಯಿಲೆ ಅಂತಲೇ ಲೆಕ್ಕ. ಇದು... ಬಿಸಿ ಆಗಲೇಬೇಕಿತ್ತಾ?"

ಕಬೀರನ ಬಾಯಲ್ಲಿದ್ದ ಶಾಪ ಅಲ್ಲೇ ನಿಂತಿತು. ಮಳೆಗಾಲವಿಡೀ ಇಬ್ಬರೂ ಒಂದೇ ಸ್ಪ್ಯಾನರ್ ಹಂಚಿಕೊಂಡು ದುಡಿದಿದ್ದರು. ಇಷ್ಟು ಚಿಕ್ಕ ಮಾತನ್ನು ಅವನು ಬೂಬನಿಗೆ ಒಮ್ಮೆಯೂ ಹೇಳಿರಲಿಲ್ಲ.

"ಹೌದು ಬೂಬಣ್ಣ," ಎಂದ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಇನ್ನು ಬೈಯಲು ತನ್ನನ್ನು ಬಿಟ್ಟರೆ ಬೇರೆ ಯಾರೂ ಉಳಿದಿರಲಿಲ್ಲ.