ಅಂಚು ಕತ್ತರಿಸಿದ ಅರ್ಜಿ

ಆ ಮನೆಯಲ್ಲಿ ಫೋನ್ ಬಡಿದುಕೊಂಡರೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾರೂ ಎತ್ತುತ್ತಿರಲಿಲ್ಲ. ನಿಲ್ಲದೆ ಬಡಿದುಕೊಂಡರೆ ಕೊನೆಗೆ ಮಗಳು ಎತ್ತುತ್ತಿದ್ದಳು.

"ಅಪ್ಪ ಮನೇಲಿಲ್ಲ."

ಅಪ್ಪ ಅಲ್ಲೇ, ಎರಡು ಮಾರು ದೂರದಲ್ಲಿ, ಅಂಟಿನ ಡಬ್ಬಿಯ ಮುಂದೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ. ಮಗಳಿಗಿನ್ನೂ ಹತ್ತು ವರ್ಷ. ಮೊದಮೊದಲು ಸುಳ್ಳು ಹೇಳುವಾಗ ಅವಳ ಕಿವಿ ಕೆಂಪಾಗುತ್ತಿತ್ತು. ಈಗೀಗ ಆಗುತ್ತಿರಲಿಲ್ಲ. ಬೈಂಡರ್‌ಗೆ ಸಾಲಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಅದೇ.

ಬೈಂಡರ್ ಅಂದರೆ ಪುಸ್ತಕ ಕಟ್ಟುವವನು. ಹರಿದ ಪುಸ್ತಕ, ಕಚೇರಿಯ ಫೈಲು, ಲೆಕ್ಕದ ಖಾತೆ, ಏನು ಕೊಟ್ಟರೂ ಹೊಲಿದು, ರಟ್ಟು ಹಾಕಿ, ಬಟ್ಟೆ ಅಂಟಿಸಿ, ಮೂರೂ ಅಂಚು ಕತ್ತರಿಸಿ ಹೊಸದು ಮಾಡಿಕೊಡುತ್ತಿದ್ದ. ಹೊಲಿಗೆ ಹೆಂಡತಿಯದು, ಉಳಿದದ್ದೆಲ್ಲ ಇವನದು. ಕುಡಿತವಿಲ್ಲ, ಜೂಜಿಲ್ಲ. ಆದರೂ ಮುಳುಗಿದ. ಹೇಗೆಂದರೆ, ಒಂದು ಕಂಪನಿ ಎಂಟು ಸಾವಿರ ಡೈರಿ ಕಟ್ಟಿಕೊಡು ಎಂದಿತು. ಇವನು ಕಾಗದ, ರಟ್ಟು, ಬಟ್ಟೆ, ದಾರ ಎಲ್ಲವನ್ನೂ ಸಾಲದಲ್ಲಿ ತಂದ. ಡೈರಿ ಸಿದ್ಧವಾಗುವ ಹೊತ್ತಿಗೆ ಕಂಪನಿಯ ಬಾಗಿಲಿಗೆ ಬೀಗ. ವರ್ಷ ಕಳೆದ ಡೈರಿ ಯಾರಿಗೆ ಬೇಕು? ಸಾಮಾನಿನ ಚೀಟಿ, ಹಾಲಿನ ಲೆಕ್ಕ, ಮಗಳ ಗುಣಾಕಾರ ಎಲ್ಲವೂ ಅದರಲ್ಲೇ. ಮಂಚದ ಒಂದು ಕಾಲು ಮುರಿದಾಗ ಅದರಡಿಗೂ ಡೈರಿಗಳನ್ನೇ ಪೇರಿಸಿದರು. "ಜನವರಿಯಿಂದ ಡಿಸೆಂಬರ್ ತನಕ ನಮಗೆ ಒಳ್ಳೇ ನಿದ್ದೆ ಬಿಡಿ," ಎಂದು ಹೆಂಡತಿ ನಗುತ್ತಿದ್ದಳು. ನಗದೆ ಇನ್ನೇನು ಮಾಡುವುದು? ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಇಲ್ಲಿ ತೇಪೆ ಹಾಕಿದರೆ ಅಲ್ಲಿ ಹರಿಯುತ್ತಿತ್ತು.

ಕೊನೆಗೆ, ಸಾಲ ತೀರಿಸಲು ಆಗದವರು ಕೋರ್ಟಿಗೆ ದಿವಾಳಿ ಅರ್ಜಿ ಹಾಕಬಹುದು ಎಂದು ಬೈಂಡರ್ ಎಲ್ಲೋ ಓದಿದ.

"ಒಬ್ಬ ವಕೀಲರನ್ನ ಕೇಳಿ ರೀ," ಅಂದಳು ಹೆಂಡತಿ.

"ವಕೀಲರಿಗೆ ಕೊಡೋಕೆ ದುಡ್ಡಿದ್ರೆ ನಾನ್ಯಾಕೆ ದಿವಾಳಿ ಆಗ್ತಿದ್ದೆ? ಇಪ್ಪತ್ತು ವರ್ಷದಿಂದ ವಕೀಲರ ಫೈಲು ಕಟ್ತಾ ಇದೀನಿ ಕಣೇ. ನಂದೊಂದು ಕಟ್ಟೋಕಾಗಲ್ವಾ?"

ಕಟ್ಟಿದ. ಎಂಥಾ ಚೆಂದ ಕಟ್ಟಿದ! ಅರ್ಜಿ, ಬ್ಯಾಂಕಿನ ಕಾಗದ, ರಸೀದಿಗಳು ಎಲ್ಲ ಒಂದೇ ಅಳತೆಗೆ ಬರಲೆಂದು ಕಟಿಂಗ್ ಮೆಷಿನ್ನಿಗೆ ಕೊಟ್ಟು ಮೂರೂ ಅಂಚು ಸವರಿದ. ಕೆಂಪು ಬಟ್ಟೆಯ ರಟ್ಟು ಹಾಕಿದ. ಮೇಲೆ ಬಂಗಾರದ ಅಕ್ಷರದಲ್ಲಿ ತನ್ನ ಹೆಸರು. ಅರ್ಜಿಯೋ ಲಗ್ನಪತ್ರಿಕೆಯೋ ಎನ್ನುವ ಹಾಗಿತ್ತು.

ಅದೇ ಸಂಜೆ ಆ ಕಟಿಂಗ್ ಮೆಷಿನ್ನನ್ನು ನಾಲ್ಕು ಜನರ ಕೈಯಲ್ಲಿ ಎತ್ತಿಸಿ, ಭಾವಮೈದುನನ ಶೆಡ್ಡಿಗೆ ಸಾಗಿಸಿ, ಟಾರ್ಪಾಲು ಮುಚ್ಚಿ ಬಂದ. ಆಸ್ತಿಯ ಪಟ್ಟಿಯಲ್ಲಿ ಅದನ್ನು ಬರೆದಿರಲಿಲ್ಲ. ಬರೆದರೆ ಹೊತ್ತೊಯ್ಯುತ್ತಾರೆ. ಅದು ಹೋದರೆ ಬೈಂಡರ್ ಬೈಂಡರೇ ಅಲ್ಲ.

ಅರ್ಜಿ ಸಲ್ಲಿಸಿದ ಹತ್ತನೇ ದಿನ ಕೋರ್ಟಿನಿಂದ ಕೆಂಪು ಪುಸ್ತಕ ವಾಪಸು ಬಂತು. ಜೊತೆಗೊಂದು ಚೀಟಿ: ರಸೀದಿಗಳ ದಿನಾಂಕ ಕಾಣುತ್ತಿಲ್ಲ, ಖಾತೆ ಸಂಖ್ಯೆ ಅರ್ಧ ಇಲ್ಲ, ಹೊಸ ಹಾಳೆ ಸೇರಿಸಲು ಬರುವುದಿಲ್ಲ. ಮೂರು ವಾರದೊಳಗೆ ಸರಿಪಡಿಸದಿದ್ದರೆ ಅರ್ಜಿ ವಜಾ.

ಮೆಟ್ಟಿಲ ಮೇಲೆ ಆ ಪುಸ್ತಕ ಹಿಡಿದು ಕೂತಿದ್ದವನ ಪಕ್ಕ ಮೇಲಿನ ಮನೆಯ ಬಸ್ ಡ್ರೈವರ್ ಬಂದು ಕೂತ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾರನ್ ಅಣ್ಣ ಎಂದು. ಅವನು ಗುಟ್ಟು ಹೇಳಿದರೂ ಎರಡು ಮಹಡಿ ಕೆಳಗೆ ಕೇಳಿಸುತ್ತಿತ್ತು.

"ಏನಪ್ಪಾ ಬೈಂಡ್ರೇ, ಯಾವುದು ಈ ಕೆಂಪು ಪುಸ್ತಕ?"

"ನನ್ನ ಮರ್ಯಾದೆ ಅಣ್ಣ. ಹಾರ್ಡ್ ಬೌಂಡು."

ಹಾರನ್ ಅಣ್ಣ ಚೀಟಿ ಓದಿದ. "ಸಹಾಯದ ಕೋಣೆಗೆ ಹೋಗಿದ್ಯಾ? ಕೋರ್ಟಲ್ಲಿ ಮೆಟ್ಟಿಲ ಹಿಂದೆ ಇದೆ, ಹೊರಗೊಂದು ಬೆಂಚು ಹಾಕಿದಾರೆ. ವಾರಕ್ಕೆರಡು ಮಧ್ಯಾಹ್ನ ವಕೀಲರು ಬಂದು ಕೂರ್ತಾರೆ. ನಿನ್ನಂಥೋರಿಗೇ. ಪುಕ್ಕಟೆ."

"ಪುಕ್ಕಟೆನಾ? ಪುಕ್ಕಟೆ ಕೊಟ್ಟ ಗಾಳಿಪಟಕ್ಕೆ ದಾರ ಅವರ ಕೈಯಲ್ಲೇ ಇರುತ್ತೆ ಅಣ್ಣ. ಆಮೇಲೆ ಎಳೀತಾರೆ."

"ನನ್ನ ಎಳೆದಿಲ್ಲಪ್ಪ."

ಬೈಂಡರ್ ತಿರುಗಿ ನೋಡಿದ. "ನಿಮ್ಮನ್ನ?"

"ನಾಲ್ಕು ವರ್ಷ ಆಯ್ತು. ನಾನೂ ಆ ಬೆಂಚಿನ ಮೇಲೆ ಕೂತೋನೇ. ನಾನೂ ದಿವಾಳಿ ಅಂತ ಪಾಪರ್ ಚೀಟಿ ತಗೊಂಡೋನೇ."

ಈ ಗಂಟಲಿನಲ್ಲಿ ನಾಲ್ಕು ವರ್ಷ ಒಂದು ಗುಟ್ಟು ನಿಂತಿತ್ತೇ? ಬೈಂಡರ್‌ಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಅವಮಾನ ತನ್ನೊಬ್ಬನ ಮನೆಯಲ್ಲೇ ಬಾಡಿಗೆಗಿದೆ ಎಂದುಕೊಂಡಿದ್ದ ಅವನು.

"ಹೋಗು. ಹೋದ ಮೇಲೆ ಒಂದು ಕೆಲಸ ಮಾಡು," ಅಂದ ಹಾರನ್ ಅಣ್ಣ. "ಡಾಕ್ಟ್ರ ಹತ್ರ ಹೊಟ್ಟೆನೋವು ಮುಚ್ಚಿಡಬಾರದು, ಆ ವಕೀಲರ ಹತ್ರ ಏನೂ ಮುಚ್ಚಿಡಬಾರದು."

ಬೈಂಡರ್ ಹೆಂಡತಿಯನ್ನು ಕರೆದುಕೊಂಡು ಹೋದ. ಕೋಣೆ ಅಂದರೆ ದೊಡ್ಡದೇನಲ್ಲ. ಹೊರಗೊಂದು ಬೆಂಚು. ಒಳಗೆ ಒಂದು ಮೇಜು, ಕೈಯಿಲ್ಲದ ನಾಲ್ಕು ಕುರ್ಚಿ, ಯಾರೂ ಒಯ್ಯದಿರಲೆಂದು ಮೇಜಿನ ಕಾಲಿಗೆ ಕಟ್ಟಿದ ಸ್ಟೇಪ್ಲರ್. ಮೇಜಿನಾಚೆ ಕೂದಲು ಅರ್ಧ ನರೆತ ಒಬ್ಬ ವಕೀಲೆ. ಪಕ್ಕದಲ್ಲಿ ಇನ್ನೂ ತೆರೆಯದ ಊಟದ ಡಬ್ಬಿ. ಬೆಳಿಗ್ಗೆಯೆಲ್ಲ ತಮ್ಮ ಕೇಸುಗಳನ್ನು ಮುಗಿಸಿ ನೇರ ಇಲ್ಲಿಗೆ ಬಂದಿದ್ದರು.

"ಫೀಸು ಎಷ್ಟು ಮೇಡಂ?" ಬೈಂಡರ್ ಕೂರುವ ಮೊದಲೇ ಕೇಳಿದ.

"ಇಲ್ಲ."

"ಆಮೇಲೆ?"

"ಆಮೇಲೂ ಇಲ್ಲ."

"ಎಲ್ಲ ಸರಿಹೋದ ಮೇಲೆ, ಏನಾದ್ರೂ…"

"ಯಜಮಾನ್ರೇ, ನೀವು ಕೂತ್ಕೊಂಡ್ರೆ ನನಗೆ ಅಷ್ಟೇ ಸಾಕು. ನೋಡಿ, ನಾನು ನಿಮ್ಮ ಪರವಾಗಿ ನಿಂತು ವಾದ ಮಾಡಲ್ಲ. ಅರ್ಜೀಲಿ ಏನು ಬಿಟ್ಟುಹೋಗಿದೆ, ಏನು ಬರೀಬೇಕು, ಅಲ್ಲಿ ಏನು ಕೇಳ್ತಾರೆ, ಅದನ್ನ ಹೇಳಿಕೊಡ್ತೀನಿ. ಮಾತಾಡೋರು ನೀವೇ."

ಅವರು ಕೆಂಪು ಪುಸ್ತಕವನ್ನು ಕೈಗೆತ್ತಿಕೊಂಡರು. ಬೆನ್ನು ಸವರಿದರು, ಬಂಗಾರದ ಅಕ್ಷರ ನೋಡಿದರು. "ನನ್ನ ಕೈಗೆ ಬಂದ ಅರ್ಜಿಗಳಲ್ಲಿ ಇಷ್ಟು ಚೆಂದದ್ದು ಒಂದೂ ಇಲ್ಲ."

ಬೈಂಡರ್ ಸ್ವಲ್ಪ ಉಬ್ಬಿದ.

"ಇದನ್ನ ಬಿಚ್ಚಬೇಕು."

ಹೆಂಡತಿ ಚೀಲದಿಂದ ಸಣ್ಣ ಚಾಕು ತೆಗೆದು ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ವಕೀಲೆ ಹಾಳೆ ಹಾಳೆಯಾಗಿ ನೋಡುತ್ತಾ ಹೋದರು. ಬೆರಳಿಗೊಂದು ರಬ್ಬರಿನ ಟೋಪಿ ಹಾಕಿಕೊಂಡಿದ್ದರು. ಅವಸರವಿಲ್ಲ, ಬೇಸರವಿಲ್ಲ.

"ಇಲ್ಲಿ ಮೂಲೇಲಿ ತಾರೀಕು ಇದ್ದಿರಬೇಕಲ್ಲ, ಎಲ್ಲಿ?"

"ಅಂಗಡಿ ಕಸದ ಬುಟ್ಟೀಲಿ," ಅಂದಳು ಹೆಂಡತಿ. "ಅಂಚು ವಕ್ರ ಇದ್ರೆ ಇವರಿಗೆ ನಿದ್ದೆ ಬರಲ್ಲ ಮೇಡಂ."

ವಕೀಲೆ ನಕ್ಕರು. ನಗುತ್ತಲೇ ಆ ಅಂಚಿನ ಮೇಲೆ ಬೆರಳಾಡಿಸಿದರು. ಬೆರಳು ಅಲ್ಲೇ ನಿಂತಿತು.

"ಕೂದಲೆಳೆಯಷ್ಟೂ ಏರುಪೇರಿಲ್ಲ. ಕತ್ತರೀಲಿ ಇದು ಆಗಲ್ಲ. ಯಾವುದರಲ್ಲಿ ಕತ್ತರಿಸಿದ್ರಿ?"

"ಕಟಿಂಗ್ ಮೆಷಿನ್ನಲ್ಲಿ," ಅಂದುಬಿಟ್ಟ ಬೈಂಡರ್.

ವಕೀಲೆ ಆಸ್ತಿಯ ಪಟ್ಟಿ ತೆಗೆದು ಮೇಲಿನಿಂದ ಕೆಳಗಿನವರೆಗೆ ಓದಿದರು. ಮತ್ತೊಮ್ಮೆ ಓದಿದರು. "ಆ ಮೆಷಿನ್ ಇದರಲ್ಲಿ ಇಲ್ಲವಲ್ಲ."

ಬೈಂಡರ್ ಪಟ್ಟಿಯತ್ತ ಬಗ್ಗಿ ನೋಡಿದ. ಸ್ನೇಹಿತನದು ಎನ್ನಲೇ? ಮಾರಿದೆ ಎನ್ನಲೇ? ಬಾಯಿ ತೆರೆದ. ಆ ಕ್ಷಣಕ್ಕೆ ಮಗಳ ದನಿ ಕಿವಿಯಲ್ಲಿ ಕೇಳಿಸಿತು. ಅಪ್ಪ ಮನೇಲಿಲ್ಲ. ಎಷ್ಟು ಸಲೀಸಾಗಿ ಬರುತ್ತಿತ್ತು ಅವಳಿಗೆ ಆ ಮಾತು!

"ಬಚ್ಚಿಟ್ಟಿದೀನಿ ಮೇಡಂ," ಅಂದ. "ಭಾವಮೈದುನನ ಶೆಡ್ಡಲ್ಲಿ."

ಬೈಗುಳ ಬರುತ್ತದೆಂದು ತಲೆ ತಗ್ಗಿಸಿದ. ಬರಲಿಲ್ಲ. ವಕೀಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಕೈ ಕತ್ತರಿಸಿಕೊಂಡು ಸಾಲ ತೀರಿಸು ಅಂತ ಕಾನೂನು ಹೇಳಲ್ಲ ಯಜಮಾನ್ರೇ. ಹೊಟ್ಟೆಪಾಡಿನ ಸಲಕರಣೆ ಉಳಿಸಿಕೊಡಿ ಅಂತ ಕೇಳೋಕೆ ದಾರಿ ಇದೆ. ಅದಕ್ಕೊಂದು ಮಿತಿ ಇದೆ, ನಿಮ್ಮ ಹಳೇ ಮೆಷಿನ್ ಆ ಮಿತಿಯೊಳಗೇ ಬರುತ್ತೆ ಅಂತ ಕಾಣುತ್ತೆ. ಆದ್ರೆ ಪಟ್ಟೀಲಿ ಇಲ್ಲದ್ದನ್ನ ಕಾಪಾಡಿ ಅಂತ ಯಾರನ್ನ ಕೇಳೋದು? ಬಚ್ಚಿಟ್ಟಿದ್ದು ಕೋರ್ಟಿನವರಿಗೇ ಸಿಕ್ಕಿದ್ರೆ ಮೆಷಿನ್ನೂ ಹೋಗುತ್ತೆ, ಅರ್ಜೀನೂ ಹೋಗುತ್ತೆ, ಮೇಲೆ ಕೇಸು ಬೇರೆ."

"ಅವರಿಗೆ ಗೊತ್ತಾಗ್ತಿತ್ತಾ ಮೇಡಂ?"

"ನನಗೆ ಗೊತ್ತಾಗೋಕೆ ಅರ್ಧ ಗಂಟೆ ಸಾಕಾಯ್ತು."

"ನಾನು ಅವತ್ತೇ ಬಡ್ಕೊಂಡೆ," ಅಂದಳು ಹೆಂಡತಿ. "ಭಾರ ಹೊತ್ತೋರು ನಾಲ್ಕು ಜನ, ನೋಡಿದ ಕಣ್ಣು ನಲವತ್ತು ಅಂತ."

ವಕೀಲೆ ಹೊಸ ಹಾಳೆ ಎಳೆದುಕೊಂಡರು. "ಇನ್ನೇನಿದೆ?"

"ಸ್ಕೂಟರು. ಅದು ಬರೆದಿದೀನಿ."

"ಇನ್ನೇನಿದೆ?"

"ಏನಿಲ್ಲ ಮೇಡಂ… ಡೈರಿ ಇದೆ. ಎಂಟು ಸಾವಿರಕ್ಕೆ ಸ್ವಲ್ಪ ಕಡಿಮೆ."

"ಬರೀರಿ."

"ಅದರ ವರ್ಷ ಹೋಗಿದೆ."

"ಅದನ್ನೂ ಬರೀರಿ."

ಆ ಮೂರು ವಾರ ಬೈಂಡರ್ ಓಡಿದ. ಮೆಷಿನ್ ಅಂಗಡಿಗೆ ವಾಪಸು ತಂದ. ಎತ್ತಿದ್ದ ನಾಲ್ವರಿಗೂ ಎರಡನೇ ಸಲ ಟೀ ಕುಡಿಸಿದ. ಬ್ಯಾಂಕಿನಲ್ಲಿ ಸಾಲು ನಿಂತು ಖಾತೆಯ ಪ್ರತಿ ಪಡೆದ. ರಟ್ಟಿನ ಅಂಗಡಿಯವರನ್ನು ಕೇಳಿ ಹೊಸ ರಸೀದಿ ತಂದ. ತಂದ ಪ್ರತಿ ಕಾಗದವೂ ಒಂದೊಂದು ಅಳತೆ. ಕೈ ತುರಿಸುತ್ತಿತ್ತು, ಆದರೂ ಮುಟ್ಟಲಿಲ್ಲ. ಕೊನೆಯ ಎರಡು ದಿನ ವಕೀಲೆಯ ಪಾಳಿ ಇರಲಿಲ್ಲ, ಆದರೂ ಬಂದರು. ಊಟದ ಡಬ್ಬಿ ತೆರೆದಾಗ ಗಂಟೆ ನಾಲ್ಕು. ಬೆಂಚಿನ ಮೇಲೆ ಇನ್ನೂ ಇಬ್ಬರು ಕಾಯುತ್ತಿದ್ದರು. ಡಬ್ಬಿಯನ್ನು ಹಾಗೇ ಮುಚ್ಚಿಟ್ಟು ಅವರನ್ನು ಒಳಗೆ ಕರೆದರು.

"ಮೇಡಂ, ನಿಮಗಿದೆಲ್ಲ ಯಾಕೆ?" ಬೈಂಡರ್ ಕೇಳಿಯೇ ಬಿಟ್ಟ.

"ಒಬ್ಬರೇ ಬಂದು, ಒಬ್ಬರೇ ನಿಂತು, ತಲೆ ತಗ್ಗಿಸ್ಕೊಂಡು ವಾಪಸು ಹೋಗೋರ್ನ ತುಂಬಾ ನೋಡಿದೀನಿ. ತಪ್ಪು ಸಣ್ಣದಿರುತ್ತೆ. ಯಾರಾದ್ರೂ ಒಂದು ಗಂಟೆ ಪಕ್ಕದಲ್ಲಿ ಕೂತಿದ್ರೆ ಸಾಕಿತ್ತು." ಅಷ್ಟೇ ಹೇಳಿ ಅವರು ಮುಂದಿನ ಹಾಳೆ ತಿರುಗಿಸಿದರು.

ತಿದ್ದಿದ ಅರ್ಜಿ ಗಡುವಿನೊಳಗೇ ಕೋರ್ಟಿಗೆ ಹೋಯಿತು. ವಿಚಾರಣೆಯ ದಿನ ನ್ಯಾಯಾಧೀಶರು ಕೇಳಿದರು: "ಈ ಮೆಷಿನ್ ಮೊದಲ ಪಟ್ಟಿಯಲ್ಲಿ ಯಾಕಿರಲಿಲ್ಲ?"

ಬೈಂಡರ್ ಹಿಂದಿನ ಸಾಲಿನತ್ತ ನೋಡಿದ. ವಕೀಲೆ ಅಲ್ಲಿ ಕೂತಿದ್ದರು. ಏನೂ ಸನ್ನೆ ಮಾಡಲಿಲ್ಲ. ಹೇಳಿಕೊಡುವುದೆಲ್ಲ ಆಗಲೇ ಹೇಳಿಕೊಟ್ಟಿದ್ದರು.

"ಹೆದರಿ ಬಚ್ಚಿಟ್ಟಿದ್ದೆ ಸ್ವಾಮಿ. ತಪ್ಪಾಯ್ತು. ಈಗ ಅಂಗಡೀಲಿದೆ, ಯಾವಾಗ ಬೇಕಾದ್ರೂ ಬಂದು ನೋಡಬಹುದು."

ಸ್ಕೂಟರು ಹೋಯಿತು. ಡೈರಿಗಳು ರದ್ದಿಗೆ ಹೋದವು. ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚಿದರು. ಉಳಿದ ಸಾಲದಿಂದ ಕೆಲವು ತಿಂಗಳ ಬಳಿಕ ಬಿಡುಗಡೆಯ ಆದೇಶ ಬಂತು. ಮೆಷಿನ್ ಅಂಗಡಿಯಲ್ಲೇ ಉಳಿಯಿತು.

ಆದೇಶ ಬಂದ ಮರುದಿನ ಬೈಂಡರ್ ಮೆಟ್ಟಿಲ ಹಿಂದಿನ ಕೋಣೆಗೆ ಹೋದ. "ಫೀಸು ಬೇಡ ಅಂದ್ರಿ. ಆ ರಿಜಿಸ್ಟರನ್ನಾದ್ರೂ ಕೊಡಿ," ಅಂದ. ಬಂದವರೆಲ್ಲ ಹೆಸರು ಬರೆಯುವ ರಿಜಿಸ್ಟರು ಹರಿದು ಚಿಂದಿಯಾಗಿತ್ತು. ಅದು ಕೋಣೆಯದು, ತಮ್ಮದಲ್ಲ ಎಂದು ವಕೀಲೆ ಒಪ್ಪಿದರು. ಎರಡು ದಿನದಲ್ಲಿ ವಾಪಸು ತಂದ. ಗಟ್ಟಿ ರಟ್ಟು, ಎಷ್ಟು ಹಾಳೆ ಬೇಕಾದರೂ ಸೇರಿಸಲು ಬಿಚ್ಚಿ ಕಟ್ಟುವ ದಾರ. ಅಂಚು ಮಾತ್ರ ಹಾಗೆಯೇ ವಕ್ರವಾಗಿತ್ತು.

"ಇವತ್ತು ನಿದ್ದೆ ಬರುತ್ತಾ ಯಜಮಾನ್ರೇ?" ಅಂದರು ವಕೀಲೆ.

"ಬಹಳ ದಿನದಿಂದ ಬರ್ತಾ ಇದೆ ಮೇಡಂ."

ಆ ಸಂಜೆ ಮನೆಯಲ್ಲಿ ಫೋನ್ ಬಡಿದುಕೊಂಡಿತು. ಮಗಳು ಅಭ್ಯಾಸಬಲದಿಂದ ಎತ್ತಿ, "ಅಪ್ಪ ಮನೇಲಿ…" ಎಂದು ನಿಲ್ಲಿಸಿ, ತಿರುಗಿ ನೋಡಿದಳು.

"ಇದ್ದೀನಿ ಅನ್ನು ಮಗಳೇ."

"ಇದ್ದಾರೆ! ಅಪ್ಪ ಇದ್ದಾರೆ, ಕೊಡ್ತೀನಿ!" ಹಾರನ್ ಅಣ್ಣನನ್ನೂ ಮೀರಿಸುವ ಹಾಗೆ ಕೂಗಿದಳು.

ಶಾಲೆಯೊಂದರ ಗ್ರಂಥಾಲಯದವರ ಫೋನ್ ಅದು. ಮುನ್ನೂರು ಪುಸ್ತಕ ಕಟ್ಟಿಸಬೇಕಿತ್ತಂತೆ. "ಆರು ತಿಂಗಳಿಂದ ಮಾಡ್ತಾನೇ ಇದೀವಿ, ನೀವು ಎತ್ತೋದೇ ಇಲ್ಲವಲ್ಲ!"

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಫೋನ್ ಹೀಗೆ ಬಡಿದುಕೊಳ್ಳುತ್ತಿದ್ದರೆ ಒಂದು ಮಾತು ಕೇಳಿ. ಸಾಲದಲ್ಲಿ ಮುಳುಗಿದವರಿಗೆ ಕಾನೂನಿನಲ್ಲಿ ದಡವಿದೆ, ಆದರೆ ಅಲ್ಲಿಗೆ ಒಬ್ಬರೇ ಈಜಬೇಕಾಗಿಲ್ಲ. ಅರ್ಜಿ ಹಾಕುವ ಮೊದಲೇ ಕೋರ್ಟಿಗೆ ಹೋಗಿ, ಉಚಿತವಾಗಿ ಸಹಾಯ ಮಾಡುವ ವಕೀಲರು ಎಲ್ಲಿ, ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿ. ಅರ್ಜಿ ಹಾಕಿಬಿಟ್ಟಿದ್ದರೂ ಹೋಗಿ. ಇರುವ ಕಾಗದವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿ, ಹರಿದಿದ್ದರೂ ಸರಿ, ಮಡಚಿದ್ದರೂ ಸರಿ. ಬಾಗಿಲಲ್ಲಿ ನಿಂತು ದುಡ್ಡು ಕೇಳುವ ದಲ್ಲಾಳಿಯ ಕೈಗೆ ಮಾತ್ರ ಕೊಡಬೇಡಿ. ಒಳಗೆ ಕೂತ ಮೇಲೆ ಇರುವುದನ್ನೆಲ್ಲ ಹೇಳಿ. ನೀವು ಯಾವುದನ್ನು ಕಳೆದುಕೊಳ್ಳುತ್ತೇನೆಂದು ಹೆದರಿ ಮುಚ್ಚಿಡುತ್ತಿದ್ದೀರೋ, ಅದನ್ನೇ ಮೊದಲು ಹೇಳಿ.

ಮತ್ತೆ, ನೀವು ಆ ದಡ ಸೇರಿದವರಾಗಿದ್ದರೆ, ಮೆಟ್ಟಿಲ ಮೇಲೆ ಕೂತ ಪಕ್ಕದ ಮನೆಯವರ ಹತ್ತಿರ ಹೋಗಿ ಕೂತು, "ನಾನೂ ಆ ಬೆಂಚಿನ ಮೇಲೆ ಕೂತೋನೇ," ಅನ್ನಿ. ದನಿ ಸ್ವಲ್ಪ ಜೋರಾದರೂ ಪರವಾಗಿಲ್ಲ.