ಕೆಂಡದ ಮೇಲೂ ಕಾಯದ ಪಾದ

ಬಾಣಂತಿಯನ್ನು ಬಿದಿರ ಮಂಚದಲ್ಲಿ ಮಲಗಿಸಿ, ಕೆಳಗೆ ಕೆಂಡವಿಟ್ಟು ಕಾಯಿಸುವ ಮನೆಯಲ್ಲಿ ಜ್ವರ ಹುಡುಕುವುದೆಂದರೆ ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಮೆಕಾಂಗ್ ನದಿ ದಡದ ಆ ಹಳ್ಳಿಯ ನರ್ಸ್ ಪೆಟ್ಸಮೋನ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಅವಳೂ ಎರಡು ಬಾಣಂತನ ಅಂಥದೇ ಮಂಚದ ಮೇಲೆ ಬೆಂದು ಎದ್ದವಳೇ. ಅದಕ್ಕೇ ನಿನ್ನೆ ಬಾಣಂತಿ ಚಂತಲಾಳ ಹಣೆ ಸುಡುತ್ತಿದ್ದರೂ ಕೆಂಡದ ಕಾವು ಎಂದು ನಕ್ಕು, ಥರ್ಮಾಮೀಟರನ್ನು ಚೀಲದಿಂದ ತೆಗೆಯದೆಯೇ ಹೊರಟುಬಿಟ್ಟಿದ್ದಳು.

ಹೆರಿಗೆಯಾಗಿ ಇವತ್ತು ನಾಲ್ಕನೆಯ ದಿನ. ಮಗುವಿನ ಹೊಕ್ಕುಳು ನೋಡಿ ಹೋಗೋಣವೆಂದು ಬೆಳಿಗ್ಗೆ ಬಂದರೆ, ಅತ್ತೆ ಬುವಾಖಮ್ ದೂರು ಶುರುಮಾಡಿದಳು: ಸೊಸೆ ನಿನ್ನೆಯಿಂದ ತುತ್ತು ಮುಟ್ಟಿಲ್ಲ, ಬರೀ ಸೋಗು. ಅಷ್ಟರಲ್ಲಿ ಚಂತಲಾ ಕಣ್ಣು ತೆರೆದು ಪೆಟ್ಸಮೋನ್‌ಳನ್ನು ನೋಡಿದಳು.

"ಅಮ್ಮಾ, ದೋಣಿ ಕಟ್ಟಿ ಬಂದ್ಯಾ?"

ಅವಳ ತಾಯಿ ಸತ್ತು ಆರು ವರ್ಷವಾಗಿತ್ತು.

ಪೆಟ್ಸಮೋನ್ ಗಡಿಯಾರ ನೋಡಿ ಉಸಿರು ಎಣಿಸಿದಳು. ನಿಮಿಷಕ್ಕೆ ಮೂವತ್ತನಾಲ್ಕು. ನಾಡಿ ಎಣಿಕೆಗೆ ಸಿಗದಂತೆ ಓಡುತ್ತಿತ್ತು. ಮಂಡಿಯ ಮೇಲೆ ನೇರಳೆ ಬಣ್ಣದ ಬಲೆಯಂಥ ಕಲೆಗಳು.

"ಅದು ಬೆಂಕಿ ಕಲೆ ಕಣೇ," ಎಂದಳು ಅತ್ತೆ. "ನಿನ್ನ ಮೈಮೇಲೂ ಇತ್ತು, ಮರೆತ್ಯಾ?"

ಇತ್ತು, ನಿಜ. ಪೆಟ್ಸಮೋನ್ ಚಂತಲಾಳ ಪಾದ ಮುಟ್ಟಿ ನೋಡಿದಳು. ಕೆಳಗೆ ಕೆಂಡ ನಿಗಿನಿಗಿ ಅನ್ನುತ್ತಿತ್ತು; ಪಾದ ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು. ಬೆರಳಿನ ಉಗುರು ಒತ್ತಿ ಬಿಟ್ಟು, ಕೆಂಪು ಮರಳಲು ಎಷ್ಟು ಹೊತ್ತೆಂದು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಉಗುರು ಇನ್ನೂ ಬಿಳಿಚಿಕೊಂಡೇ ಇತ್ತು. ನಂಜು ರಕ್ತಕ್ಕೆ ಏರಿತ್ತು.

ಆಸ್ಪತ್ರೆಗೆ ಹೊರಡಿಸಬೇಕೆಂದಾಗ, ಮಂಚ ಇಳಿದರೆ ಶೀತ ಬಡಿದು ಸಾಯುತ್ತಾಳೆಂದು ಅತ್ತೆ ಅಡ್ಡ ನಿಂತಳು. ಪೆಟ್ಸಮೋನ್ ಮುದುಕಿಯ ಕೈ ಹಿಡಿದು ಆ ಪಾದದ ಮೇಲಿಟ್ಟಳು.

"ಕೆಂಡದ ಮೇಲೂ ಕಾದಿಲ್ಲ, ನೋಡಿ ದೊಡ್ಡಮ್ಮ."

ಬುವಾಖಮ್ ಕೈ ಕಿತ್ತುಕೊಂಡಳು. ಆಮೇಲೆ ತಾನೇ ನೀರಿನ ಕೊಡ ಎತ್ತಿ ಕೆಂಡಕ್ಕೆ ಸುರಿದು, ಪಕ್ಕದ ಮನೆಯವರ ಗಾಡಿ ಕೂಗಲು ಓಡಿದಳು.

ಜಿಲ್ಲಾಸ್ಪತ್ರೆಯ ಡಾಕ್ಟರು ಸೂಜಿ ಚುಚ್ಚುತ್ತಲೇ ಜ್ವರ ಯಾವಾಗಿನಿಂದ ಎಂದು ಕೇಳಿದರು. ತಪ್ಪೆಲ್ಲ ತನ್ನದೇ ಎಂದು ಬುವಾಖಮ್ ಅಳತೊಡಗಿದಳು. ಅವಳನ್ನು ಅಳಲು ಬಿಟ್ಟು ತಾನು ಸುಮ್ಮನಿರುವುದು ಪೆಟ್ಸಮೋನ್‌ಗೆ ಸುಲಭವಿತ್ತು.

"ನಿನ್ನೆಯಿಂದ," ಎಂದಳು ಪೆಟ್ಸಮೋನ್. "ನಾನೇ ಹಣೆ ಮುಟ್ಟಿ, ನಕ್ಕು ಬಂದೆ."

ಡಾಕ್ಟರು ತಲೆ ಎತ್ತಿ ಅವಳನ್ನು ನೋಡಿ, ಅದನ್ನೇ ಚೀಟಿಯಲ್ಲಿ ಬರೆದುಕೊಂಡರು. ಬೈದಿದ್ದರೆ ವಾಸಿಯಿತ್ತು.

ಸಂಜೆ ಬುವಾಖಮ್ ಅವಳನ್ನು ಕರೆದು ಸೊಸೆಯ ಪಾದ ಮುಟ್ಟಿಸಿದಳು. ಬೆಚ್ಚಗಿತ್ತು. ಪೆಟ್ಸಮೋನ್ ತನ್ನ ಕೈಯನ್ನು ನಂಬಲಿಲ್ಲ; ಚೀಲ ಬಿಚ್ಚಿ ಥರ್ಮಾಮೀಟರ್ ತೆಗೆದಳು.